ವಾಲಿಬಾಲ್ ಗುಂಪಿನ ಅಪ್ಪಂದಿರು

ಕಾಪುವಿನ ನಮ್ಮ ವಾಲಿಬಾಲ್ ತಂಡದ ವಾಟ್ಸಾಪ್ ಗುಂಪಿನಲ್ಲಿ ನಾನಿನ್ನೂ ಉಳಿದಿರುವುದು ಆಟದ ಮೋಹದಿಂದಲ್ಲ. ನನ್ನ ಮೊಣಕಾಲುಗಳು ನಿವೃತ್ತಿ ಪಡೆದು ವರ್ಷಗಳಾದವು. ಬೆಳಿಗ್ಗೆ ಬಂಗುಡೆ ಮೀನಿನ ದರ ಎಲ್ಲಕ್ಕಿಂತ ಮೊದಲು ಅಲ್ಲಿ ಗೊತ್ತಾಗುತ್ತದೆ, ಅಷ್ಟೇ.

ಒಂದು ದಿನ ದರದ ಕೆಳಗೆ ಸುದೇಶನ ಬರಹ ಕಾಣಿಸಿತು. ಸುದೇಶ ನಮ್ಮ ಸ್ಮ್ಯಾಷರ್. ಅವನು ಹೊಡೆದ ಚೆಂಡಿಗೆ ಕೈಯೊಡ್ಡಿದವರು ಮನೆಗೆ ಹೋಗಿ ಎಣ್ಣೆ ತಿಕ್ಕಿಕೊಂಡದ್ದುಂಟು. ಆಗಷ್ಟೇ ಅವನಿಗೆ ಹೆಣ್ಣು ಮಗುವಾಗಿತ್ತು; ಹೆಂಡತಿ ಬಾಣಂತನಕ್ಕೆ ಕಾರ್ಕಳದ ತವರಿನಲ್ಲಿದ್ದಳು.

"ಸ್ನೇಹಿತರೇ, ಮಗುವಾದಂದಿನಿಂದ ನನ್ನ ಮನಸ್ಸು ಸರಿ ಇಲ್ಲ. ಅವಳನ್ನು ಎತ್ತಿಕೊಳ್ಳಲು ಹೆದರಿಕೆಯಾಗುತ್ತದೆ. ಸುಮ್ಮನೆ ಅಳು ಬರುತ್ತದೆ. ಏನೇನೋ ನೆಪ ಹೇಳಿ ಕಾರ್ಕಳಕ್ಕೆ ಹೋಗುವುದನ್ನೇ ಬಿಟ್ಟಿದ್ದೇನೆ. ಯಾರಿಗಾದರೂ ಹೀಗಾಗಿದ್ದರೆ ದಯವಿಟ್ಟು ತಿಳಿಸಬೇಕಾಗಿ ವಿನಂತಿ."

ತುಳುವಿನಲ್ಲೇ ಬೈದು, ತುಳುವಿನಲ್ಲೇ ನಗುವ ಹುಡುಗ ಅವನು. ದುಃಖಕ್ಕೆ ಮಾತ್ರ ಕನ್ನಡ ಹಿಡಿದ. ನಮ್ಮ ಕಡೆ ಕನ್ನಡವೆಂದರೆ ಶಾಲೆ, ಸಭೆ, ಅರ್ಜಿ. ಮನೆಮಾತಿನಲ್ಲಿ ಹೇಳಿದರೆ ಅಮ್ಮನಿಗೆ ಕೇಳಿಸಿಬಿಟ್ಟೀತೆಂದು ಅಂಜಿದನೋ ಏನೋ. ಆ 'ವಿನಂತಿ' ಓದಿ ನನಗೆ ಮೊದಲು ನಗು ಬಂತು, ಆಮೇಲೆ ಇಡೀ ಬರಹವನ್ನು ಮೊದಲಿನಿಂದ ಮತ್ತೆ ಓದಿದೆ.

ನೋಡಿ, ಬಾಣಂತನ ನಮ್ಮಲ್ಲಿ ಎಷ್ಟು ದೊಡ್ಡ ಶಾಸ್ತ್ರ! ತಾಯಿಗೆ ಎಣ್ಣೆ, ಬಿಸಿನೀರು, ಕಷಾಯ, ಲೇಹ್ಯ; ಮಗುವಿಗೆ ಬಜೆ, ಹೊಗೆ, ದೃಷ್ಟಿಬೊಟ್ಟು. ಅಳಿಯ ಮಾತ್ರ ಭಾನುವಾರದ ನೆಂಟ. ಕೋಳಿ ಸಾರು ಸುರಿದ ಕೋರಿ ರೊಟ್ಟಿ ತಿಂದು, ಮಗುವಿನ ಮುಖ ನೋಡಿ, ಸಂಜೆಯ ಬಸ್ಸು ಹತ್ತಬೇಕು. ಅಜ್ಜಿಯಂದಿರ ಅಷ್ಟೊಂದು ಭರಣಿಗಳಲ್ಲಿ ಅಪ್ಪನಿಗೆಂದು ಒಂದೂ ಇರಲಿಲ್ಲ.

ಇನ್ನು ಇವನ ಕಾಲೆಳೆಯುತ್ತಾರೆ ಎಂದುಕೊಂಡೆ. ಸರ್ವಿಸ್ ತಪ್ಪಿದವನನ್ನೇ ವಾರಗಟ್ಟಲೆ ಆಡಿಕೊಳ್ಳುವ ಗುಂಪು ಅದು. ಆದರೆ ಮೊದಲ ಉತ್ತರ ಬಂದದ್ದು ಗಲ್ಫಿನಲ್ಲಿ ಕ್ರೇನ್ ಓಡಿಸುವ ಶಿರ್ವದ ಲ್ಯಾನ್ಸಿಯಿಂದ. ಹೆಬ್ಬೆರಳೆತ್ತಿದ ಚಿತ್ರ ಬಿಟ್ಟು ಬೇರೇನನ್ನೂ ಎಂದೂ ಹಾಕದವನು ಬರೆದಿದ್ದ: "ನನಗೆ ಆಗಿತ್ತು. ಮೊಬೈಲಿನಲ್ಲಿ ಮಗುವನ್ನು ಕಂಡರೆ ಎದೆ ಹಿಡಿದ ಹಾಗೆ ಆಗುತ್ತಿತ್ತು. ಹೆಂಡತಿಗೂ ಹೇಳಲಿಲ್ಲ." ಹಿಂದೆಯೇ ಪಡುಬಿದ್ರಿಯ ಇಕ್ಬಾಲ್: "ನಾನು ಮಣಿಪಾಲದಲ್ಲಿ ಮನಸ್ಸಿನ ಡಾಕ್ಟರಿಗೆ ತೋರಿಸಿದ್ದೇನೆ. ಈಗ ಅಡ್ಡಿ ಇಲ್ಲ. ನಾಳೆ ನಿನ್ನನ್ನು ನಾನೇ ಕರೆದುಕೊಂಡು ಹೋಗುತ್ತೇನೆ ಮಾರಾಯ." ಒಬ್ಬನ ಮನೆಮಾತು ಕೊಂಕಣಿ, ಇನ್ನೊಬ್ಬನದು ಬ್ಯಾರಿ. ಇಬ್ಬರೂ ಶಾಲೆಯ ಕನ್ನಡದಲ್ಲೇ ಎದೆ ಬಿಚ್ಚಿದರು. ಅವರ ಹಿಂದೆ ಮತ್ತಷ್ಟು ಅಪ್ಪಂದಿರು ಬಂದರು. ಬಂಗುಡೆಯ ದರ ಎಲ್ಲೋ ಮೇಲೆ ಸರಿದು ಮರೆಯಾಯಿತು. ನಾನು ಕಾಫಿ ಆರಿಹೋದದ್ದೂ ತಿಳಿಯದೆ ಬೆರಗಾಗಿ ಕುಳಿತಿದ್ದೆ. ನೆಟ್ಟಿನ ಆಚೀಚೆ ಇಷ್ಟು ಕಾಲ ಕಂಡ ಈ ಗಂಡಸರಲ್ಲಿ ಇಂಥ ಧೈರ್ಯ ಇದೆಯೆಂದು ನನಗೆ ಗೊತ್ತೇ ಇರಲಿಲ್ಲ.

ಇಕ್ಬಾಲ್ ಮಾತಿಗೆ ತಪ್ಪಲಿಲ್ಲ. ಕೆಲವು ವಾರಗಳ ಮೇಲೆ ಕಾರ್ಕಳದಿಂದ ಒಂದು ಫೋಟೋ ಬಂತು. ಸ್ಮ್ಯಾಷರನ ಅಗಲವಾದ ಅಂಗೈಗಳ ಮೇಲೆ ಮಗು ಬಾಯಿ ತೆರೆದು ನಿದ್ರಿಸುತ್ತಿತ್ತು. ಕೆಳಗೆ ಬರೆದಿದ್ದ: "ಹೆದರಿಕೆ ಉಂಟು. ಆದರೂ ಎತ್ತಿಕೊಂಡೆ."

ಮೊನ್ನೆ ಮೀನು ಮಾರ್ಕೆಟ್ಟಿನಲ್ಲಿ ಸುದೇಶ ಸಿಕ್ಕಿದ. ಏನು ಕೇಳಬೇಕೆಂದು ದೂರದಿಂದಲೇ ಯೋಚಿಸಿಕೊಂಡು ಹೋಗಿದ್ದೆ. ಹತ್ತಿರ ಹೋದಾಗ ಬಾಯಿ ತನ್ನ ಹಳೆಯ ಅಭ್ಯಾಸ ಬಿಡಲಿಲ್ಲ.

"ಮಗು ಹೇಗುಂಟು?"

"ಅವಳು ಆರಾಮ ಇದ್ದಾಳೆ ಅಣ್ಣ," ಎಂದು ನಕ್ಕ. "ನನ್ನನ್ನು ಕೇಳಿ."

ಕೇಳಿದೆ. ಮೀನಿನ ಅಕ್ಕ ಬಂಗುಡೆ ಕೊಯ್ದು, ತೊಳೆದು, ಕಟ್ಟಿ ಕೈಗಿಟ್ಟರೂ ಅವನ ಮಾತು ಮುಗಿದಿರಲಿಲ್ಲ.