ಟ್ರೇ ಒರೆಸುವ ಬಟ್ಟೆ

ಬೇಕರಿಯವನ ಕೈಯನ್ನು ಕಣ್ಣು ಮುಚ್ಚಿಕೊಂಡೂ ಗುರುತಿಸಬಹುದು. ಎಷ್ಟು ಸೋಪು ಹಾಕಿ ತಿಕ್ಕಿದರೂ ಉಗುರಿನ ಸಂದಿಯಲ್ಲಿ ಬೆಣ್ಣೆಯ ವಾಸನೆ ಉಳಿದೇ ಇರುತ್ತದೆ. ಬೀದಿಯವರೆಲ್ಲ ಬ್ರೆಡ್ಡಣ್ಣ ಎಂದು ಕರೆಯುವ ಈ ಮನುಷ್ಯನಿಗೆ ಅದರ ಬಗ್ಗೆ ನಾಚಿಕೆಯೇನೂ ಇರಲಿಲ್ಲ. ಇಪ್ಪತ್ತೆರಡು ವರ್ಷ ಒಂದೇ ಓವನ್ನಿನ ಮುಂದೆ ಬೆಂದು, ಅಪ್ಪ ಅಮ್ಮ ಇಲ್ಲದ ತಂಗಿಯನ್ನು ಸಾಕಿದ ಕೈ ಅದು.

ತಂಗಿ ಸೈಕಲ್ ಕಲಿತದ್ದೂ ಬ್ರೆಡ್ಡಿನ ದೆಸೆಯಿಂದಲೇ. ಬೇಕರಿ ಇದ್ದದ್ದು ಇಳಿಜಾರು ಬೀದಿಯ ನೆತ್ತಿಯಲ್ಲಿ, ಗಿರಾಕಿಗಳೆಲ್ಲ ಕೆಳಗೆ. ಹನ್ನೊಂದು ವರ್ಷದ ಹುಡುಗಿ ಹ್ಯಾಂಡಲಿಗೆ ಚೀಲ ಸಿಕ್ಕಿಸಿಕೊಂಡು, ಸುತ್ತು ಬಳಸಲು ಸೋಮಾರಿತನವಾಗಿ, ಕಲ್ಲಿನ ಮೆಟ್ಟಿಲುಗಳ ಮೇಲೇ ಸೈಕಲ್ ಇಳಿಸುತ್ತಿದ್ದಳು. ಒಂದು ಬನ್ನೂ ಉರುಳುತ್ತಿರಲಿಲ್ಲ, ನೋಡುವವರ ಜೀವ ಮಾತ್ರ ಬಾಯಿಗೆ ಬರುತ್ತಿತ್ತು. ಅದೇ ಚಾಳಿ ಮುಂದೆ ಬೆಟ್ಟ ಇಳಿಯುವ ಸೈಕಲ್ ರೇಸಾಯಿತು.

ಈಗ ಅವಳಿಗೆ ಇಪ್ಪತ್ತೊಂಬತ್ತು. ಭಾನುವಾರದ ರೇಸಿನಲ್ಲಿ ಒಬ್ಬೊಬ್ಬರನ್ನೇ ಬೆಟ್ಟದಿಂದ ಇಳಿಬಿಡುತ್ತಾರೆ, ಅತಿ ಕಡಿಮೆ ಹೊತ್ತಿನಲ್ಲಿ ಇಳಿದ ಮೂವರಿಗೆ ದೇಶದ ತಂಡದಲ್ಲಿ ಜಾಗ. ಮೂವತ್ತು ತುಂಬಿದವರನ್ನು ಹೊಸದಾಗಿ ಸೇರಿಸಿಕೊಳ್ಳುವುದಿಲ್ಲ ಎಂಬುದು ನಿಯಮ. ಅಂದರೆ ಇದೇ ಕೊನೆ. ಶನಿವಾರದ ಅರ್ಹತಾ ಸುತ್ತಿನಲ್ಲಿ ಅವಳು ಎರಡನೆಯವಳಾಗಿ ಬಂದಾಗ ಅಣ್ಣ ಗುರುತು ಪರಿಚಯ ಇಲ್ಲದವರನ್ನೆಲ್ಲ ಹಿಡಿದು ಬನ್ನು ಹಂಚಿದ್ದ.

ಸೈಕಲ್ಲಿನ ಆರೈಕೆಯೆಲ್ಲ ಅವನದೇ. ಅವನ ಹತ್ತಿರ ಸದಾ ಎರಡು ಬಟ್ಟೆಗಳಿರುತ್ತಿದ್ದವು. ನೀಲಿಯದು ಸೈಕಲ್ಲಿಗೆ, ಬಿಳಿಯದು ಬೇಕರಿಯ ಟ್ರೇಗಳಿಗೆ ಬೆಣ್ಣೆ ಸವರುವುದಕ್ಕೆ. ಚಕ್ರದ ನಡುವಿನ ಉಕ್ಕಿನ ಬಿಲ್ಲೆಗೆ, ಅಂದರೆ ಬ್ರೇಕಿನ ಡಿಸ್ಕಿಗೆ, ಚೂರು ಜಿಡ್ಡು ತಾಗಿದರೂ ಬ್ರೇಕು ಹಿಡಿಯುವುದಿಲ್ಲವೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಭಾನುವಾರ ಬೆಳಿಗ್ಗೆ ಸೈಕಲ್ಲುಗಳನ್ನು ಬೆಟ್ಟದ ತುದಿಗೆ ಸಾಗಿಸುವ ಲಾರಿ ಬಂದಾಗ, ಅವಸರ ಅವಸರವಾಗಿ ಎರಡೂ ಡಿಸ್ಕುಗಳನ್ನು ಫಳಫಳ ಹೊಳೆಯುವ ಹಾಗೆ ಒರೆಸಿದ.

"ಸಾಕು ಬಿಡೋ ಅಣ್ಣ, ಅದ್ರಲ್ಲಿ ಮುಖ ನೋಡ್ಕೊಳ್ಬೇಕಾ ನಾನು?" ಎಂದು ತಂಗಿ ನಕ್ಕು, ತನ್ನ ಫೋನನ್ನು ಅವನ ಜೇಬಿಗೆ ತುರುಕಿ ಲಾರಿ ಹತ್ತಿದಳು.

ಅವನು ನಡೆದು ಹೋಗಿ ಹಾದಿಯ ನಡುವಿನ ತಿರುವಿನಲ್ಲಿ ನಿಂತ. ಮೇಲಿನಿಂದ ಆ ತಿರುವಿನವರೆಗೆ ಬ್ರೇಕಿನ ಕೆಲಸವೇ ಇಲ್ಲದ ನೇರ ಇಳಿಜಾರು. ತಿರುವಿನಲ್ಲಿ ಗಟ್ಟಿಯಾಗಿ ಬ್ರೇಕು ಹಿಡಿಯಬೇಕು, ಇಲ್ಲದಿದ್ದರೆ ಮುಂದೆ ಬಂಡೆಯ ಅಂಚು, ಆಳೆತ್ತರ ಕೆಳಗೆ ಬರೀ ಕಲ್ಲು. ಹಿಂದಿನ ದಿನ ಅಲ್ಲೇ ಬಿದ್ದವಳೊಬ್ಬಳನ್ನು ಸ್ಟ್ರೆಚರಿನಲ್ಲಿ ಹೊತ್ತುಕೊಂಡು ಹೋಗಿದ್ದರು.

ಬೆವರು ಒರೆಸಿಕೊಳ್ಳಲೆಂದು ಜೇಬಿನಿಂದ ಬಟ್ಟೆ ತೆಗೆದ. ಮೂಗಿಗೆ ಬೆಣ್ಣೆಯ ವಾಸನೆ ಹೊಡೆಯಿತು. ಬಿಳಿ ಬಟ್ಟೆ. ಅದರ ಮೇಲೆ ಡಿಸ್ಕು ಒರೆಸಿದ ಕಪ್ಪು ಗೆರೆಗಳು, ಒಂದಲ್ಲ, ಎರಡು.

ನೀಲಿ ಬಟ್ಟೆ ಹೆಗಲಿನ ಬ್ಯಾಗಿನಲ್ಲಿ ಮಡಿಸಿಟ್ಟಂತೆಯೇ ಇತ್ತು. ಪಕ್ಕದಲ್ಲಿ ಕೆಂಪು ಬಾವುಟ ಹಿಡಿದು ನಿಂತ ರೇಸಿನ ಕಾವಲುಗಾರನ ತೋಳು ಹಿಡಿದ.

"ಹದಿನೇಳನೇ ನಂಬರ್ ತಡೀರಿ ಸಾರ್, ನನ್ ತಂಗಿ! ಬ್ರೇಕ್ ಹಿಡಿಯಲ್ಲ, ನಾನೇ ಹಾಳ್ಮಾಡಿದೀನಿ!"

ಕಾವಲುಗಾರ ವಾಕಿಟಾಕಿ ಬಾಯಿಯ ಹತ್ತಿರ ತಂದ. ಅಷ್ಟರಲ್ಲಿ ಅದೇ ಮಾತಾಡಿತು: "ಹದಿನೇಳು ಹೊರಟಾಯ್ತು."

"ಬಾವುಟ ಎತ್ತಿ ಸಾರ್, ದಮ್ಮಯ್ಯ!"

"ಯಾರೂ ಬಿದ್ದಿಲ್ಲ, ಹೆಂಗ್ರೀ ಎತ್ತೋದು? ನೀವ್ ಅಡ್ಡ ಹೋದ್ರೆ ಅವರು ರೇಸಿಂದಾನೇ ಔಟು, ತಿಳ್ಕೊಳ್ಳಿ."

ಅವನಿಗೆ ಅದೂ ಗೊತ್ತಿತ್ತು. ಸ್ವಂತ ಕಡೆಯವರು ಹಾದಿಗಿಳಿದರೆ ಆಟ ಮುಗಿದಂತೆ. ಹದಿನೆಂಟು ವರ್ಷ ಬಿದ್ದು, ಎದ್ದು, ಮೂಳೆ ಕೂಡಿಸಿಕೊಂಡು ಇಲ್ಲಿಗೆ ಬಂದವಳು. ಬಿಟ್ಟರೆ ಜೀವ ಹೋಗಬಹುದು, ತಡೆದರೆ ಇಷ್ಟು ವರ್ಷದ ಬಾಳೇ ಹೋಗುತ್ತದೆ. ಈ ಕೈ ಕತ್ತರಿಸಿಹೋಗಬಾರದಿತ್ತೇ ಎಂದು ತನಗೆ ತಾನೇ ಶಾಪ ಹಾಕಿಕೊಂಡ. ಮೇಲೆ ಮರಗಳ ನಡುವೆ ಚಕ್ರದ ಸದ್ದು ಕೇಳಿತು.

ಹಾದಿಯಂಚಿಗೆ ಕಟ್ಟಿದ್ದ ಹಗ್ಗದ ಅಡಿ ನುಸುಳಿ ಹಾದಿಯ ನಟ್ಟನಡುವೆ ಕೈ ಅಗಲಿಸಿ ನಿಂತ. "ಪುಟ್ಟೀ! ಬೀಳು! ಪಕ್ಕಕ್ಕೆ ಬೀಳೇ!" ಎಂದು ಗಂಟಲು ಹರಿಯುವ ಹಾಗೆ ಕೂಗಿ ಕಣ್ಣು ಮುಚ್ಚಿಕೊಂಡ. ತನಗೇ ಗುದ್ದಲಿ, ತಾನೇ ಅವಳಿಗೆ ಹಾಸಿಗೆಯಾಗಲಿ ಎನ್ನುವುದೊಂದೇ ಆಸೆ.

ಗುದ್ದಲಿಲ್ಲ. ಕರ್ರೆಂದು ಸದ್ದಾಯಿತು, ಧೂಳು ಮುಖಕ್ಕೆ ರಾಚಿತು. ಕಣ್ಣು ತೆರೆದರೆ ಮುಂದಿನ ಚಕ್ರ ಅವನ ಮೊಣಕಾಲಿಗೆ ಗೇಣುದ್ದ ದೂರದಲ್ಲಿ ನಿಂತಿತ್ತು. ಎರಡೂ ಬ್ರೇಕುಗಳು ಕಚ್ಚಿ ಹಿಡಿದಿದ್ದವು.

"ಏನೋ ಇದು? ಏನಾಯ್ತೋ?" ಹೆಲ್ಮೆಟ್ಟಿನೊಳಗಿಂದ ಅವಳು ಕಿರುಚಿದಳು.

ಅವನು ಬಿಳಿ ಬಟ್ಟೆಯನ್ನು ಎತ್ತಿ ತೋರಿಸಿದ.

ಅವಳು ಅದನ್ನೇ ನೋಡುತ್ತ ಹೆಲ್ಮೆಟ್ಟು ತೆಗೆದಳು. "ಬೆಟ್ಟದ ಮೇಲೆ ನಾನು ಸ್ಪಿರಿಟ್ ಹಾಕಿ ಮತ್ತೆ ಒರೆಸಿದೀನಿ ಅಣ್ಣ," ಎಂದಳು. "ಯಾವಾಗ್ಲೂ ಒರೆಸ್ತೀನಿ. ನೀನು ಮುಟ್ಟಿದ್ರಲ್ಲೆಲ್ಲ ಬೆಣ್ಣೆ ಇರುತ್ತೆ."

"ಯಾವತ್ತಿಂದ?"

"ಮೊದಲನೇ ರೇಸಿಂದ."

"ಒಂದ್ಮಾತು ಹೇಳ್ಬಾರ್ದಿತ್ತೇನೇ?"

"ಬೇಜಾರ್ ಮಾಡ್ಕೊಳ್ತೀಯ ಅಂತ."

ಕಾವಲುಗಾರ ವಾಕಿಟಾಕಿಯಲ್ಲಿ ಹದಿನೇಳನೇ ನಂಬರನ್ನು ತೆಗೆದುಹಾಕಿದ್ದಾಗಿ ತಿಳಿಸಿದ. ಅವಳಿಗೆ ಅದು ಕೇಳಿಸಿತು. ಅಣ್ಣನನ್ನು ಬೈಯಲೆಂದು ಬಾಯಿ ತೆರೆದವಳು ಬೈಯಲಾಗದೆ ಹ್ಯಾಂಡಲಿನ ಮೇಲೆ ತಲೆಯಿಟ್ಟು ಬಿಕ್ಕಿಬಿಕ್ಕಿ ಅತ್ತಳು. ಅವಳ ಬೆನ್ನು ಸವರಲು ಅವನಿಗೆ ಧೈರ್ಯ ಬರಲಿಲ್ಲ.

"ಹದಿನೆಂಟು ಬರ್ತಿದೆ, ದಾರಿ ಬಿಡ್ರೀ!" ಎಂದು ಕಾವಲುಗಾರ ಕೂಗಿದ.

ಬ್ರೆಡ್ಡಣ್ಣ ತಂಗಿಯನ್ನು ಹಗ್ಗದಾಚೆ ದಾಟಿಸಿ, ಸೈಕಲ್ಲನ್ನು ಎರಡೂ ಕೈಯಲ್ಲಿ ಎತ್ತಿಕೊಂಡ. ಇನ್ನು ಎಲ್ಲಿ ಮುಟ್ಟಿದರೂ ಕೆಡುವುದೇನೂ ಉಳಿದಿರಲಿಲ್ಲ. ಆದರೂ ಸೀಟು, ಹ್ಯಾಂಡಲು ಮಾತ್ರ ಹಿಡಿದು, ಡಿಸ್ಕಿಗೆ ಬೆರಳು ತಾಗದ ಹಾಗೆ ಹೊತ್ತುಕೊಂಡು ಅವಳ ಹಿಂದೆ ನಡೆದ.