ಬಾಗಿಲಕ್ಕ ಬಿಚ್ಚದ ನಾಲ್ಕು ಬಾಗಿಲು

ಬೆಳಕಿನ್ನೂ ಸರಿಯಾಗಿ ಹರಿದಿಲ್ಲ. ಹಳೇ ಕಾರುಗಳ ಗುಜರಿ ಅಂಗಳದಲ್ಲಿ ಹೆಂಗಸೊಬ್ಬರು ಸ್ಪ್ಯಾನರ್ ಹಿಡಿದು ಕುಕ್ಕರಗಾಲಿನಲ್ಲಿ ಕೂತಿದ್ದಾರೆ. ಕಾರಿನ ಬಾಗಿಲನ್ನು ಒಮ್ಮೆ ತೆಗೆದು, ಒಮ್ಮೆ ಮುಚ್ಚಿ, ಸದ್ದು ಕೇಳಿಸಿಕೊಂಡೇ ಬೋಲ್ಟಿಗೆ ಕೈ ಹಾಕುವುದು ಇವರ ರೂಢಿ. ನನ್ನ ಲೋಟದ ಚಹಾ ಆರುವಷ್ಟರಲ್ಲಿ ನಾಲ್ಕೂ ಬಾಗಿಲು ಗೋಡೆಗೆ ಒರಗಿವೆ. ಅಬ್ಬಾ, ಏನು ಕೈ ಅಂತೀರಿ.

ಇಲ್ಲಿ ಎಲ್ಲರಿಗೂ ಇವರು ಬಾಗಿಲಕ್ಕ. ಗ್ಯಾಸ್ ಕಟರ್ ಹಿಡಿಯುತ್ತಿದ್ದ ಗಂಡ, ಕಣ್ಣಿಗೆ ಕಿಡಿ ಸಿಡಿದು ಮನೆ ಹಿಡಿದ ಮೇಲೆ ಇವರು ಸ್ಪ್ಯಾನರ್ ಹಿಡಿದರು. "ಮೊದಮೊದಲು ಕೈ ತುಂಬಾ ಬೊಬ್ಬೆ. ಅತ್ತಿದ್ದೂ ಇದೆ. ಈಗ ನನ್ನ ಮುಖ ನೋಡಿದ್ರೆ ಬೋಲ್ಟೇ ಸಡಿಲ ಆಗುತ್ತೆ" ಎಂದು ನಗುತ್ತಾರೆ. ದಿನಕ್ಕೆ ಮೂರೋ ನಾಲ್ಕೋ ಕಾರು. ಬಾಗಿಲು ಕಳಚದೆ ಯಾವ ಕಾರಿಗೂ ಕಟರ್ ಹಚ್ಚುವಂತಿಲ್ಲ, ಅದು ಈ ಅಂಗಳದ ಕಟ್ಟುನಿಟ್ಟು.

ಮೂಲೆಯಲ್ಲಿರುವ ಬಿಳಿ ಕಾರು ಎರಡು ವರ್ಷದಿಂದ ಉಳಿದಿರುವುದು ಆ ಕಟ್ಟುನಿಟ್ಟಿನಿಂದಲೇ. ವಿಶೇಷ ಏನೂ ಇಲ್ಲದ, ಒಂದು ಕಾಲಕ್ಕೆ ಎಲ್ಲೆಲ್ಲೂ ಕಾಣುತ್ತಿದ್ದ ಮಾದರಿ. ಮೇಷ್ಟ್ರು, ಗುಮಾಸ್ತರು, ನಮ್ಮ ಚಿಕ್ಕಪ್ಪ ಎಲ್ಲರೂ ಓಡಿಸಿದ್ದು ಇಂಥದ್ದನ್ನೇ, ನಾವೈದು ಮಕ್ಕಳು ಕಿತ್ತಾಡಿದ್ದು ಇಂಥದ್ದರ ಹಿಂದಿನ ಸೀಟಿನಲ್ಲೇ. ಬಾಗಿಲಕ್ಕ ಅದರ ಕೀಲುಗಳಿಗೆ ಎಣ್ಣೆ ಬಿಡುತ್ತಾ, ಕೇಳಿದವರಿಗೆಲ್ಲ "ನಾಳೆ ಬಿಚ್ತೀನಿ" ಅನ್ನುತ್ತಾ ಬಂದಿದ್ದಾರೆ.

"ದುಡ್ಡಿದ್ದೋರ ಕಾರನ್ನ ಯಾರಾದ್ರೂ ಒರೆಸಿ ಇಟ್ಕೋತಾರೆ. ಇದು ಎಲ್ಲರ ಮನೇಲೂ ಇತ್ತಲ್ಲ, ಅದಕ್ಕೇ ಯಾರೂ ಇಟ್ಕೊಳ್ಳಲಿಲ್ಲ. ಮುಂದೆ ಇದನ್ನ ನೋಡೋಕೂ ಜನ ಸಾಲು ನಿಲ್ತಾರೆ, ಬರೆದಿಟ್ಕೊಳ್ಳಿ."

ಬರೆದುಕೊಳ್ಳುತ್ತಿರುವಾಗಲೇ ಯಜಮಾನರ ಹೊಸ ಕಾರು ಒಳಬಂದು ತಗಡಿನ ಶೆಡ್ಡಿನ ನೆರಳಿಗೆ ನಿಲ್ಲುತ್ತದೆ. ಯಜಮಾನರೆಂದರೆ ಬಾಗಿಲಕ್ಕನ ಅಕ್ಕನ ಗಂಡ.

"ಆ ಬಿಳೀದು ಇವತ್ತು ಹೋಗ್ಲೇಬೇಕು, ಜಾಗ ಇಲ್ಲ. ನಿನ್ನ ನಾಳೆ ಕೇಳಿ ಕೇಳಿ ಸಾಕಾಯ್ತು."

"ಆಯ್ತು ಭಾವ."

ಅಷ್ಟೇ ಅಂದು ಸ್ಪ್ಯಾನರ್ ಎತ್ತಿಕೊಳ್ಳುತ್ತಾರೆ. ರೂಢಿಯಂತೆ ಬಾಗಿಲು ತೆಗೆದು ಮುಚ್ಚುತ್ತಾರೆ. ಎರಡು ವರ್ಷ ಬಿಸಿಲು ಮಳೆಗೆ ನಿಂತ ಬಾಗಿಲು ಟಪ್ಪೆಂದು, ಹೊಸದರಂತೆ ಕೂರುತ್ತದೆ.

"ಭಾವ, ಬರೋವಾಗ ದಾರೀಲಿ ಇಂಥವು ಎಷ್ಟು ನೋಡಿದ್ರಿ?"

"ಊರ ತುಂಬಾ ಇದಾವಲ್ಲ..." ಅಂದವರು ಅಲ್ಲಿಗೇ ನಿಲ್ಲಿಸುತ್ತಾರೆ. ನಾನೂ ನೆನಪು ಮಾಡಿಕೊಳ್ಳುತ್ತೇನೆ. ನಾನು ಬಂದ ದಾರಿಯಲ್ಲಿ ಒಂದೂ ಇರಲಿಲ್ಲ. ರಸ್ತೆ ತುಂಬಾ ಇದ್ದವು ಯಾವಾಗ ಹೋದವೋ, ನಮಗೆ ಗೊತ್ತೇ ಆಗಿಲ್ಲ.

ಯಜಮಾನರು ಏನೋ ಗೊಣಗುತ್ತಾ ಹೋಗಿ ತಮ್ಮ ಹೊಸ ಕಾರನ್ನು ಶೆಡ್ಡಿನಿಂದ ಬಿಸಿಲಿಗೆ ತೆಗೆಯುತ್ತಾರೆ. ಆಮೇಲೆ ಕಟರ್‌ನವರನ್ನು ಕರೆದು ಬಿಳಿಯದನ್ನು ನೆರಳಿಗೆ ತಳ್ಳಿಸುತ್ತಾರೆ.

ಬಾಗಿಲಕ್ಕ ಕೈಯ ಗ್ರೀಸು ಒರೆಸಿಕೊಂಡು ನನ್ನತ್ತ ತಿರುಗುತ್ತಾರೆ.

"ಬಿಚ್ಚಿದ ಬಾಗಿಲಿಗೆ ಲೆಕ್ಕ ಇಲ್ಲ ಬಿಡಿ. ಬಿಚ್ಚದೇ ಉಳಿಸಿದ್ದು ಈ ನಾಲ್ಕೇ."