ಟಿಕಲಿ ಓದುವ ಕಂಡಕ್ಟರ್

ಮನಸ್ಸು ದಿನಾ ಹೇಗಿತ್ತೆಂದು ಬರೆದಿಡುವುದು ನನ್ನಿಂದ ಆಗಲಿಲ್ಲ. ಆದರೆ ಹಣೆಗೆ ಟಿಕಲಿಯನ್ನಂತೂ ದಿನಾ ಹಚ್ಚುತ್ತೇನಲ್ಲ! ಖುಷಿಗೆ ಕೆಂಪು, ಬೇಸರಕ್ಕೆ ಹಸಿರು, ಸಿಟ್ಟಿಗೆ ಕಪ್ಪು. ಸಂಜೆ ತೆಗೆದು ಕನ್ನಡಿಗೆ ಅಂಟಿಸಿದರೆ ಲೆಕ್ಕ ಮುಗಿಯಿತು. ಮರೆತ ದಿನ ಮರೆತೆ, ಅಷ್ಟೇ. ಈ ಗುಟ್ಟು ಯಾರಿಗೂ ತಿಳಿಯದು ಎಂದುಕೊಂಡಿದ್ದೆ.

ಒಂದು ಬೆಳಿಗ್ಗೆ ಸಿಂಧನೂರಿನಿಂದ ಮಸ್ಕಿಗೆ ಬಸ್ಸಿನಲ್ಲಿ ನೌಕರಿಗೆ ಹೊರಟಿದ್ದೆ. ಪಕ್ಕದ ಸೀಟಿನವರು ಜೋರಾಗಿ ಹರಟುತ್ತಿದ್ದರು. ದಿನಾ ನೋಡುವ ಕಂಡಕ್ಟರ್ ನನ್ನ ಹಣೆ ನೋಡಿದವನೇ, "ಸುಮ್ನ ಕುಂದರ್ರಿ! ಅಕ್ಕಾರು ಕಪ್ಪು ಟಿಕಲಿ ಹಚ್ಚಿದ ದಿನ ಬೈತಾರ!" ಎಂದ. ಇಡೀ ಬಸ್ಸು ಗಪ್ಪಾಯಿತು. ನಾನು ನಗು ತಡೆಯಲಾರದೆ ಸೀಟಿನ ಕಂಬಿ ಹಿಡಿದುಕೊಂಡೆ.

ನಾನು ಬಣ್ಣಗಳ ಗುಟ್ಟು ಹೇಳಿದ್ದೇ ತಡ, ಅವನು "ನನಗೂ ಒಂದು ಕೊಡ್ರಿ" ಎಂದು ಕಪ್ಪು ಟಿಕಲಿ ಇಸಗೊಂಡು ಟಿಕೆಟ್ ಮಷಿನ್ನಿಗೆ ಅಂಟಿಸಿದ. ಬಾಗಿಲಲ್ಲಿ ಜೋತುಬಿದ್ದವರು ಹೇಳಿಸಿಕೊಳ್ಳದೆ ಒಳಗೆ ಸರಿದರು. ಆಮೇಲೆ ಮಷಿನ್ ಮೇಲೆ ದಿನಾ ಕಪ್ಪೇ!

"ದಿನಾ ಸಿಟ್ಟೇನಣ್ಣಾ?" ಎಂದು ಕೇಳಿದೆ.

ಅವನು ಮಷಿನ್ ತಿರುವಿ ತೋರಿಸಿದ. ಹಿಂದೆ ದೊಡ್ಡದೊಂದು ಕೆಂಪು ಟಿಕಲಿ! "ಕಪ್ಪು ಟಿಕಲಿ ಮಂದಿಗೆ ತೋರಸಾಕ್ರಿ ಅಕ್ಕಾರ, ಖರೇದು ಇದು. ನಮ್ಮಾಕಿ ಕನ್ನಡಿ ಮ್ಯಾಲಿಂದು ಹೇಳದ ಕೇಳದ ಕಿತ್ಗೊಂಡು ಬಂದೀನಿ."

ಅಂದು ಅವನ ಹೆಂಡತಿ ಯಾವ ಬಣ್ಣ ಹಚ್ಚಿದಳೋ!